ಅಮಾವಾಸ್ಯೆಯ ತೂಕ

"ಹಿಡೀರಿ, ಹಿಡೀರಿ! ಜಾರಿ ಬಿದ್ದೀತು!"

ಮುಬಶೀರನ ಕೂಗಿಗೆ ಇಬ್ಬರು ಆಳುಗಳು ಮುಂದಕ್ಕೆ ಬಗ್ಗಿದರು. ರಸ್ತೆಯನ್ನು ಕೊರೆಯುತ್ತಿದ್ದ ಯಂತ್ರ ತನ್ನ ಉಕ್ಕಿನ ಕೊಳವೆಯನ್ನು ಮೇಲಕ್ಕೆತ್ತಿತು. ಅದರೊಳಗಿಂದ ಕರಿ, ಬೂದು ಪಟ್ಟೆಗಳ ದುಂಡನೆಯ ತುಂಡೊಂದು ಹೊರಬಂದು ಗೋಣಿಚೀಲದ ಮೇಲೆ ಉರುಳಿತು.

ತಡಸದಿಂದ ಹಿರೇಬೆಂಡಿಗೇರಿ ಕಡೆಗೆ ಹೋಗುವ ಈ ಹೊಸ ರಸ್ತೆ, ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ ಇದೇ ಜಾಗದಲ್ಲಿ ಗಾಲಿಯ ಜಾಡಿನುದ್ದಕ್ಕೂ ಕುಸಿದಿತ್ತು. ಇದೇ ಕುಸಿತಕ್ಕೆ ಬೈಕಿನ ಮುಂದಿನ ಗಾಲಿ ಸಿಕ್ಕಿ, ಗಂಡನ ಹಿಂದೆ ಕೂತಿದ್ದ ಮಾದೇವಿ ಕೆಳಗೆ ಬಿದ್ದಿದ್ದಳು. ಹಿಂದೆಯೇ ಬರುತ್ತಿದ್ದ ಜಲ್ಲಿ ಹೇರಿದ ಖಡಿ ಟಿಪ್ಪರಿಗೆ ನಿಲ್ಲಲು ಆಗಲಿಲ್ಲ.

ಶಿಗ್ಗಾಂವಿಯ ಇನ್‌ಸ್ಪೆಕ್ಟರ್ ನಾಗರತ್ನಾ ಆ ತುಂಡನ್ನೇ ನೋಡುತ್ತ ನಿಂತಿದ್ದಳು. ಕೊಲೆಗಾರರ ಕತ್ತಿ, ಕೊಡಲಿ, ಹಗ್ಗ ನೋಡಿದ ಕಣ್ಣಿಗೆ ಇದು ಹೊಸದು. ಒಂದು ಜೀವ ತೆಗೆದ ರಸ್ತೆಯ ತುಂಡು ಇಷ್ಟು ಸಾಧುವಾಗಿ ಮಲಗಿರುತ್ತದೆಂದು ಅವಳು ಎಣಿಸಿರಲಿಲ್ಲ. ಸಂಜೆಯೊಳಗೆ ಅವಳು ಮೇಲಿನವರಿಗೆ ಒಂದು ಹೆಸರು ಹೇಳಬೇಕಿತ್ತು. ಹೇಳಿದ ಹೆಸರಿನವರ ಕೈಗೆ ಕೋಳ.

"ಅಳೀರಿ ಸಾಹೇಬ್ರ, ಚಂದಂಗ ಅಳೀರಿ," ಎಂದ ಗುತ್ತಿಗೆದಾರ ಮುಬಶೀರ. "ಊರ ಮಂದಿ ಎಲ್ಲಾ ನನ್ನ ಕಳ್ಳ ಅನ್ನಾಕತ್ತಾರ. ನನ್ನ ಮಗಳು ಗುಲ್ನಾರ ಸಾಲಿಗೆ ಹೋಗೂದ ಬಿಟ್ಟಾಳ."

ಸಾಹೇಬರೆಂದರೆ ಮಧ್ವೇಶರು. ಹಾನಗಲ್ಲಿನವರು, ಲೋಕೋಪಯೋಗಿ ಕೆಲಸದಲ್ಲಿ ತಲೆ ಹಣ್ಣಾಗಿಸಿಕೊಂಡು ನಿವೃತ್ತರಾದ ಎಂಜಿನಿಯರರು, ಈಗ ಈ ಕುಸಿತದ ತನಿಖೆಗೆ ನೇಮಿಸಿದ ಸಮಿತಿಯ ಮುಖ್ಯಸ್ಥರು. ಅವರು ಪಂಚೆ ಮೇಲಕ್ಕೆ ಕಟ್ಟಿ ಮೊಣಕಾಲೂರಿ ಕೂತರು. ಉಕ್ಕಿನ ಪಟ್ಟಿ ಹಿಡಿದು ತುಂಡಿನ ಒಂದೊಂದು ಪದರವನ್ನೂ ಎರಡೆರಡು ಸಲ ಅಳೆದರು. ಡಾಂಬರಿನ ಪದರ, ಖಡಿಯ ಪದರ, ತಳದ ಗರಸು ಮಣ್ಣು. ಎದ್ದು ನಿಂತಾಗ ಅವರ ಮುಖದಲ್ಲಿ ರಕ್ತವೇ ಇರಲಿಲ್ಲ.

"ಕಾಂಟ್ರಾಕ್ಟರು ಒಂದು ಹರಳೂ ಕದ್ದಿಲ್ಲ, ನಾಗರತ್ನಾ ಅವರ. ನಕ್ಷಿಯೊಳಗ ಎಷ್ಟು ಅದನೋ ಅಷ್ಟೂ ಇಲ್ಲೆ ಅದ."

ಮುಬಶೀರ ಅಲ್ಲೇ ರಸ್ತೆಯಂಚಿಗೆ ಕುಸಿದು ಕೂತು, ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟ.

"ಹಂಗಾದ್ರ ರಸ್ತಿ ಯಾಕ ಕುಸೀತ್ರಿ?" ಎಂದು ನಾಗರತ್ನಾ ಕೇಳಿದಳು.

"ನಕ್ಷಿನೇ ತೆಳು ಇತ್ತು. ಹೊಸ ಪದ್ಧತಿ, ಹೊಸ ಲೆಕ್ಕ ಅಂದ್ರು. ಡಾಂಬರು ಕಡಿಮಿ ಸಾಕು ಅಂದ್ರು. ಹಳೇ ಪದ್ಧತಿಯೊಳಗ ಮಾಡಿದ್ರ ಇದರ ಒಂದೂವರಿ ಪಟ್ಟು ದಪ್ಪ ಬರ್ತಿತ್ತು." ಮಧ್ವೇಶರು ಉಕ್ಕಿನ ಪಟ್ಟಿಗೆ ಹತ್ತಿದ ಮಣ್ಣು ಒರೆಸಿದರು. "ನಕ್ಷಿ ಮಾಡಿದಾಕಿ ಯಾರಂತ ನಿಮಗ ಗೊತ್ತಽ ಅದ."

ಗೊತ್ತಿಲ್ಲದೆ ಏನು? ಸವಣೂರಿನ ಮೃಣಾಲಿನಿ. ಮಧ್ವೇಶರ ಸ್ವಂತ ಅಕ್ಕನ ಮಗಳು. ಸೊಸೆಯ ಮೇಲಿನ ತನಿಖೆಗೆ ಸೋದರಮಾವನೇ ಯಾಕೆ ಎಂದು ಇಲಾಖೆಯಲ್ಲಿ ಗುಸುಗುಸು ಎದ್ದಿತ್ತು. ಆದರೆ ಮಧ್ವೇಶರ ಎದುರಿಗೆ ಅದನ್ನು ಆಡುವ ಎದೆಗಾರಿಕೆ ಯಾರಿಗೂ ಇರಲಿಲ್ಲ. ಅವರು ತಮ್ಮವರೆಂದು ಮುಲಾಜು ನೋಡಿದ್ದನ್ನು ಯಾರೂ ಕಂಡಿರಲಿಲ್ಲ. ಇವತ್ತೂ ನೋಡಲಿಲ್ಲ.

ಬಿಸಿಲು ನೆತ್ತಿಗೆ ಬಂದಿತ್ತು. ಕಾನ್‌ಸ್ಟೇಬಲ್ ಫಕ್ಕೀರೇಶ ನೀರಿನ ಬಾಟಲಿ ಚಾಚಿದ. "ಕುಡೀರಿ ಸಾಹೇಬ್ರ, ತುಟಿ ಒಣಗ್ಯಾವು."

"ಬ್ಯಾಡಪಾ. ಇವತ್ತು ಏಕಾದಶಿ. ನೀರೂ ಮುಟ್ಟೂದಿಲ್ಲ."

ಅವರ ಹಣೆಯ ಮೇಲೆ ಅಂಗಾರದ ಕಪ್ಪು ಗೆರೆ ಮಾತ್ರ ಇತ್ತು. ಉಳಿದ ದಿನ ಅದರ ಕೆಳಗಿರುವ ಅಕ್ಷತೆಯ ಕೆಂಪು ಬೊಟ್ಟು ಉಪವಾಸದ ದಿನ ಇರುವುದಿಲ್ಲ. ಮುಪ್ಪಿನ ಮನುಷ್ಯ, ಇಂಥ ಬಿಸಿಲಲ್ಲಿ, ಹೊಟ್ಟೆಯಲ್ಲಿ ಹನಿ ನೀರಿಲ್ಲದೆ ಸ್ವಂತ ಸೊಸೆಯ ವಿರುದ್ಧ ಸಾಕ್ಷಿ ಅಳೆಯುತ್ತಿದ್ದಾರೆ. ನಾಗರತ್ನಾಳಿಗೆ ಅವರ ಮೇಲೆ ಗೌರವ ಬಂತು. ಜೊತೆಗೆ ಪಾಪ ಅನಿಸಿತು.

"ಮೃಣಾಲಿನಿ ಅವರ ಜೋಡಿ ಒಂದ ಮಾತು ಆಡಿ ಬರ್ತೇನ್ರಿ," ಎಂದು ಜೀಪು ಹತ್ತಿದಳು.

ಸವಣೂರಿನ ಮನೆಯ ಬಾಗಿಲು ತೆರೆದವರು ತಾಯಿ ಯಮುನಾಬಾಯಿ. ಖಾಕಿ ಬಟ್ಟೆ ಕಂಡೊಡನೆ ಅವರ ಕೈ ಬಾಗಿಲ ಚಿಲಕಕ್ಕೇ ಅಂಟಿಕೊಂಡಿತು. "ಬರ್ರಿ," ಎಂದರು, ಆದರೆ ದಾರಿ ಬಿಡುವುದನ್ನು ಮರೆತರು. ಒಳಗಿನಿಂದ ಮಗಳು ಬಂದು ತಾಯಿಯ ಹೆಗಲು ಹಿಡಿದು ಪಕ್ಕಕ್ಕೆ ಸರಿಸಿದಳು.

ಮೃಣಾಲಿನಿ ಅಳುತ್ತಿರಲಿಲ್ಲ. ಅತ್ತು ಮುಗಿಸಿದವರ ಹಾಗೆ ಕಾಣುತ್ತಿದ್ದಳು.

"ಮಾವ ಫೋನ್ ಮಾಡಿದ್ರು. ಮುಬಶೀರ ಅವರದು ತಪ್ಪಿಲ್ಲ ಅಂತಲ್ಲ? ನನಗ ಗೊತ್ತಿತ್ತು. ಅಂವ ಅಂಥಾ ಮನುಷ್ಯ ಅಲ್ಲ."

"ಹಂಗಾದ್ರ ತಪ್ಪು ನಿಮ್ಮದಾತಲ್ರಿ ಮೇಡಂ."

"ಆತು."

ಇಷ್ಟು ಸರಳವಾಗಿ ಒಪ್ಪಿಕೊಳ್ಳುವವರನ್ನು ನಾಗರತ್ನಾ ನಂಬುವವಳಲ್ಲ. ಕುರ್ಚಿ ಎಳೆದು ಕೂತಳು. "ನನಗ ತಿಳಿಯೂ ಹಂಗ ಹೇಳ್ರಿ. ಈ ಹೊಸ ಪದ್ಧತಿ ಅಂದ್ರ ಏನು?"

ಮಾತಾಡತೊಡಗಿದಾಗ ಮೃಣಾಲಿನಿಯ ಬೆನ್ನು ನೆಟ್ಟಗಾಯಿತು.

"ಹಳೇ ಪದ್ಧತಿಯೊಳಗ ಮಣ್ಣನ್ನ ನಾಲ್ಕು ದಿನ ನೀರಾಗ ನೆನಸಿಡ್ತಾರ. ಆಮ್ಯಾಲ ಕಬ್ಬಿಣದ ಕಡ್ಡಿ ಒತ್ತಿ ಎಷ್ಟು ಗಟ್ಟಿ ಅದ ನೋಡ್ತಾರ. ಮಣ್ಣು ಇಷ್ಟು ಗಟ್ಟಿ ಇದ್ರ ರಸ್ತಿ ಇಷ್ಟು ದಪ್ಪ ಅಂತ ಮೊದಲಽ ಬರದಿಟ್ಟಿರ್ತದ. ಅದರಂಗ ಮಾಡೋದು. ಲಾರಿ ಎಷ್ಟು ಭಾರ ಅನ್ನೋದು ಅಂದಾಜು. ಅಂದಾಜು ಯಾವಾಗಲೂ ಒಂದು ಕೈ ಹೆಚ್ಚಽ ಹಿಡೀತಾರ."

"ಹೊಸದರಾಗ?"

"ಬಿಸಿ ರೊಟ್ಟಿ ಮಡಚಿ ನೋಡೀರಿ? ಒಂದ ಸಲಕ್ಕ ಹರಿಯೂದಿಲ್ಲ. ಮಡಚಿ ಬಿಚ್ಚಿ, ಮಡಚಿ ಬಿಚ್ಚಿ ಮಾಡಿದ್ರ ಬೆನ್ನಿಗೆ ಬಿರೀತದ. ಡಾಂಬರೂ ಹಂಗಽ. ಒಂದೊಂದು ಗಾಲಿ ಹಾದಾಗೂ ಕೂದಲೆಳಿಯಷ್ಟು ಬಾಗಿ, ಕೆಳಗಿನ ಮೈ ಎಳೀತದ. ಎಷ್ಟು ಎಳೀತದ, ಎಷ್ಟು ಸಲ ತಾಳತದ ಅಂತ ನಾವು ಲೆಕ್ಕ ಹಾಕ್ತೇವಿ. ಬೇಕಾದಷ್ಟಽ ದಪ್ಪ ಮಾಡ್ತೇವಿ. ಗುಡ್ಡಾ ಒಡಿಯೂದು ಕಡಿಮಿ ಆಗ್ತದ, ಡಾಂಬರು ಉಳೀತದ."

"ಅದರಾಗ ತಪ್ಪೇನೈತಿ?"

"ಏನೂ ಇಲ್ಲ. ಆದ್ರ ಲಾರಿ ಭಾರ ಅಂದಾಜು ಹೇಳಿದ್ರ ನಡಿಯೂದಿಲ್ಲ. ಭಾರ ಇಮ್ಮಡಿ ಆದ್ರ ರಸ್ತಿಗೆ ಬೀಳೂ ಪೆಟ್ಟು ಇಮ್ಮಡಿ ಅಲ್ಲ, ಹದಿನಾರು ಪಟ್ಟು. ಅದಕ್ಕಽ ಲಾರಿಗಳನ್ನ ರಸ್ತಿ ಮ್ಯಾಲ ನಿಲ್ಲಿಸಿ ಒಂದೊಂದು ಗಾಲಿ ಅಚ್ಚಿನ ತೂಕ ತೊಗೊಂಡಿದ್ವಿ. ಹಗಲು, ರಾತ್ರಿ ಸೇರಿ ಒಂದು ದಿನ."

"ನೀವೂ ಅಲ್ಲೇ ಇದ್ರೇನು?"

"ಇಲ್ಲ. ನಾ ಹಿರೇಕೆರೂರ ಕಡೆ, ಹಂಸಭಾವಿ ರಸ್ತಿ ನೋಡ್ಲಿಕ್ಕೆ ಹೋಗಿದ್ದೆ. ತೂಕ ಮಾಡೂ ಹುಡುಗರು ಫೋಟೋ ಕಳಿಸಿದ್ರು."

ಲ್ಯಾಪ್‌ಟಾಪಿನ ಪರದೆಯ ಮೇಲೆ ಚಿತ್ರಗಳು ಒಂದರ ಹಿಂದೊಂದು ಸರಿದವು. ರಸ್ತೆಯ ಮೇಲೆ ಹಾಸಿದ ತೂಕದ ಹಲಗೆಗಳು. ಅವುಗಳ ಮೇಲೆ ಹತ್ತಿ ನಿಂತ ಕಿರಾಣಿ ಗಾಡಿ. ಖಾಲಿ ಲಾರಿ. ಮತ್ತೊಂದು ಖಾಲಿ ಲಾರಿ. ನಾಗರತ್ನಾಳ ಬೆರಳು ಒಂದು ಚಿತ್ರದ ಮೇಲೆ ನಿಂತಿತು.

ಹಿಂದುಗಡೆ, ದೂರದಲ್ಲಿ, ಬೇವಿನ ಮರದ ನೆರಳಿಗೆ ನಾಲ್ಕಾರು ಖಡಿ ಟಿಪ್ಪರುಗಳು ಸಾಲಾಗಿ ನಿಂತಿದ್ದವು. ತೊಳೆದು ಥಳಥಳ ಎನ್ನುತ್ತಿದ್ದವು. ಮೂತಿಗೆ ವಿಭೂತಿಯ ಪಟ್ಟೆ, ಹೊಸ ನಿಂಬೆಹಣ್ಣು, ಗಾಲಿಯ ಬುಡದಲ್ಲಿ ಒಡೆದ ತೆಂಗಿನಕಾಯಿ. ಪಕ್ಕದಲ್ಲೇ ಒಂದು ಜೋಡಿ ಎತ್ತು, ನೊಗವಿಲ್ಲದೆ ಮೆಲುಕು ಹಾಕುತ್ತ ಮಲಗಿದ್ದವು.

ಹಂಸಭಾವಿ ಬಳಿಯ ಒಕ್ಕಲು ಮನೆಯಲ್ಲಿ ಹುಟ್ಟಿದವಳು ನಾಗರತ್ನಾ. ಬಿತ್ತುವ ಹದ ತಪ್ಪಿ ಹೋಗುತ್ತಿದ್ದರೂ ಆ ಒಂದು ದಿನ ಅವಳಪ್ಪ ಎತ್ತಿನ ಹೆಗಲಿಗೆ ನೊಗ ಇಟ್ಟವನಲ್ಲ.

"ಇದು ಯಾವತ್ತಿನ ಫೋಟೋ?"

"ಬುಧವಾರ."

"ಬುಧವಾರನೂ ಹೌದು, ಅಮಾಸಿನೂ ಹೌದು."

ಮೃಣಾಲಿನಿ ಅರ್ಥವಾಗದವಳಂತೆ ನೋಡಿದಳು. "ಅಮಾವಾಸ್ಯಿಗೂ ತೂಕಕ್ಕೂ ಏನು ಸಂಬಂಧ?"

"ಅಮಾಸಿಗೆ ಗುಡ್ಡದಾಗ ಖಡಿ ಮಷೀನ್ ಬಂದ್ ಇರ್ತಾವ್ರಿ. ಎತ್ತು ಹೂಡೂದಿಲ್ಲ, ಟಿಪ್ಪರ್ ಹೊಡಿಯೂದಿಲ್ಲ. ತೊಳದು, ಪೂಜಿ ಮಾಡಿ, ಕಾಯಿ ಒಡದು ನಿಲ್ಲಿಸಿಬಿಡ್ತಾರ. ಮರುದಿನ ಮುಂಜಾನಿಂದ ಮತ್ತ ಹೇರಾಕ ಶುರು. ನಿಮ್ಮ ರಸ್ತಿ ಮುರಿದಾವು ಆ ಟಿಪ್ಪರ್. ಅವು ನಿಮ್ಮ ತಕ್ಕಡಿ ಹತ್ತಲೇ ಇಲ್ಲ."

ಯಮುನಾಬಾಯಿ ಗೋಡೆಗೆ ಒರಗಿ ನಿಂತಿದ್ದರು.

"ವಾರ ಪೂರ್ತಿ ಗಾಡಿ ಎಣಿಸಿದ್ವಿ," ಎಂದಳು ಮೃಣಾಲಿನಿ, ತನಗೆ ತಾನೇ ಹೇಳಿಕೊಳ್ಳುವಂತೆ. "ಎಣಿಕಿ ಸರಿ ಅದ. ತೂಕ ಮಾತ್ರ ಆ ಒಂದು ದಿನದ್ದು. ಅಷ್ಟೂ ಗಾಡಿ ಹಗೂರ ಅಂತ ತಿಳಕೊಂಡು ಲೆಕ್ಕ ಹಾಕಿಬಿಟ್ಟೆ." ಅವಳ ಕೈ ಮೇಜಿನಂಚನ್ನು ಬಿಗಿಯಾಗಿ ಹಿಡಿಯಿತು. "ನಮ್ಮ ಮನಿಯೊಳಗ ಅಮಾವಾಸ್ಯಿ ಅಂದ್ರ ಹಿರಿಯರಿಗೆ ತರ್ಪಣ. ಲಾರಿಗೂ ಅಮಾವಾಸ್ಯಿ ಇರ್ತದಂತ ನನಗ ಗೊತ್ತಿರಲಿಲ್ಲ."

ನಾಗರತ್ನಾಳ ಎದೆ ಹಗುರಾಯಿತು. ಹಾಗಾಗಬಾರದಿತ್ತು, ಪೊಲೀಸರ ಎದೆ ಅಷ್ಟು ಬೇಗ ಹಗುರಾಗಬಾರದು. ಆದರೂ ಆಯಿತು. ಈ ಹೆಣ್ಣುಮಗಳ ಲೆಕ್ಕ ಸರಿಯಿತ್ತು, ಪದ್ಧತಿ ಸರಿಯಿತ್ತು. ಅದಕ್ಕೆ ಉಣಿಸಿದ ತೂಕವೊಂದೇ ತಪ್ಪಿತ್ತು. ಗೊತ್ತಿಲ್ಲದೆ ಆದ ತಪ್ಪಿಗೆ ಕೋಳ ಹಾಕಬೇಕಾಗಿಲ್ಲ.

"ಈ ಭಾಗದೊಳಗ ಹೊಸ ಪದ್ಧತಿಯ ಮೊದಲನೇ ರಸ್ತಿ ಇದು," ಎಂದಳು ಮೃಣಾಲಿನಿ ಮೆಲ್ಲಗೆ. "ಮಾವಗ ಮನಸ್ಸಿರಲಿಲ್ಲ. ಇಲಾಖೆಯವರು ನಕ್ಕಿದ್ರು. ಹಳೇದಕ್ಕಿಂತ ತೆಳು ಬಂದು ಇದು ಗೆಲ್ಲಬೇಕಿತ್ತು ಮೇಡಂ. ಇದಕ್ಕಂತ ನಾ ಏನೇನು ಮಾಡೇನಿ, ನಿಮಗ ಗೊತ್ತಿಲ್ಲ."

"ಆ ದಿನ ನಿಕ್ಕಿ ಮಾಡಿದವ್ರು ಯಾರು?"

"ನಾ ಗುರುವಾರ ಅಂತ ಹೇಳಿದ್ದೆ. ಲಾರಿ ಬಾಜೂಕ ತಗದು ನಿಲ್ಲಿಸಲಿಕ್ಕೆ ರಸ್ತಿ ಪಕ್ಕದ ಕಣ ಬೇಕಾಗಿತ್ತು. ಕಣದ ಯಜಮಾನ ಬುಧವಾರ ಬರ್ರಿ ಅಂದ್ನಂತ."

"ಯಾರ ಕಣ ಅದು?"

ಮೃಣಾಲಿನಿ ಕಣ್ಣು ಕೆಳಗೆ ಹಾಕಿದಳು. "ಉಳಿವೆಪ್ಪನದು."

ಮಾದೇವಿಯ ಗಂಡ. ಬೈಕು ನಡೆಸುತ್ತಿದ್ದವನು. ನಾಗರತ್ನಾ ಎದ್ದು ನಿಂತಳು. ಅವಳ ಎದೆ ಎಷ್ಟು ಬೇಗ ಹಗುರಾಗಿತ್ತೋ ಅಷ್ಟೇ ಬೇಗ ಕಲ್ಲಾಯಿತು.

"ನಾನೂ ಬರ್ಲೇನು?" ಎಂದಳು ಮೃಣಾಲಿನಿ.

"ಬ್ಯಾಡ್ರಿ. ಇಲ್ಲೇ ಇರ್ರಿ."

"ಮಾವಗ ಹೇಳ್ತೇನಿ ಹಂಗಾದ್ರ. ಅಮಾವಾಸ್ಯಿ ಸುದ್ದಿ ಕೇಳಿದ್ರ ಅವರಿಗೂ ಸಮಾಧಾನ ಆದೀತು."

ಉಳಿವೆಪ್ಪ ಕಣದಲ್ಲಿ ಗೋವಿನಜೋಳದ ತೆನೆ ಹರವುತ್ತಿದ್ದ. ಹೊತ್ತು ಪಡುವಣಕ್ಕೆ ವಾಲಿತ್ತು. ಕಣಕ್ಕೂ ರಸ್ತೆಗೂ ನಡುವೆ ಒಂದು ಸಣ್ಣ ಕಾಲುವೆ, ಅಷ್ಟೆ. ಹೆಂಡತಿ ಸತ್ತ ಜಾಗ ಕೂಗಳತೆಯಲ್ಲಿತ್ತು. ಅವನು ಅತ್ತ ಬೆನ್ನು ಮಾಡಿ ಕೂತು ಕೆಲಸ ಮಾಡುತ್ತಿದ್ದ.

"ಬರ್ರಿ ಮೇಡಮ್ಮಾರ, ಕುಂಡ್ರಿ," ಎಂದು ಕಂಬಳಿ ಜಾಡಿಸಿ ಹಾಸಿದ. ಕುತ್ತಿಗೆಯ ಕೆಳಗಿನ ಗಾಯ ಇನ್ನೂ ಮಾಗಿರಲಿಲ್ಲ.

ಹೇಗೆ ಕೇಳುವುದು? ಕಳ್ಳರನ್ನು ಕೇಳಿ ಬಾಯಿ ಬಿಡಿಸಿದವಳಿಗೆ ಈ ಮನುಷ್ಯನನ್ನು ಕೇಳಲು ಹೆದರಿಕೆಯಾಯಿತು. ಕೊನೆಗೆ ಕೇಳಿದಳು.

"ಕಾಕಾ, ರಸ್ತಿ ಕಟ್ಟೂಕಿಂತ ಮೊದಲ ಲಾರಿ ತೂಕ ಮಾಡೂ ಹುಡುಗ್ರು ಇಲ್ಲಿಗೆ ಬಂದಿದ್ರಲ್ಲ, ನೆನಪೈತೇನು?"

ಉಳಿವೆಪ್ಪನ ಮುಖ ಅರಳಿತು. ಅದನ್ನು ನೋಡಲಾಗಲಿಲ್ಲ ಅವಳಿಗೆ.

"ನೆನಪಿಲ್ದ ಏನ್ರಿ? ಅಮಾಸಿ ದಿನ ಬಂದಿದ್ರು. ಮಾದೇವಿ ಹೋಳಿಗಿ ಮಾಡಿದ್ಲು. ಆ ಹುಡುಗ್ರನ್ನ ಇಲ್ಲೇ ಸಾಲಾಗಿ ಕುಂಡ್ರಿಸಿ, ಸಾಕು ಅಂದ್ರೂ ಬಿಡದ ಬಡಿಸಿದ್ಲು. ಊರಿಗೆ ಚಲೋ ರಸ್ತಿ ಆಕ್ಕೈತಿ, ನಮ್ಮನಿ ಮುಂದ ಹಾದು ಹೊಕ್ಕೈತಿ ಅಂತ ಆಕಿಗೆ ಭಾಳ ಖುಷಿ."

"ಅಮಾಸಿ ದಿನಾನ ಬರ್ರಿ ಅಂತ ನೀವ ಹೇಳಿದ್ರೇನು?"

"ಹೌದ್ರಿ, ನಾನ ಹೇಳ್ದೆ. ಯಾಕ್ರಿ, ಏನರ ತಪ್ಪಾತೇನು?"

ನಾಗರತ್ನಾ ಅವನ ಕಣ್ಣು ತಪ್ಪಿಸಿದಳು. "ಇಲ್ಲ ಕಾಕಾ. ಏನೂ ತಪ್ಪಾಗಿಲ್ಲ."

ಸುಳ್ಳು. ಆದರೆ ಆ ಹೊತ್ತಿಗೆ ಬೇರೆ ಏನೂ ಹೇಳಲಾಗಲಿಲ್ಲ. ಹೆಂಡತಿಯ ಕೈಯ ಹೋಳಿಗೆ ಉಣಿಸಿ ಕಳಿಸಿದ ದಿನವೇ ಅವಳ ಸಾವಿಗೆ ದಾರಿಯಾಯಿತೆಂದು ಯಾವ ಬಾಯಿಂದ ಹೇಳುವುದು? ಯಾರಿಗೂ ಕೋಳ ಇಲ್ಲದೆ ಇದನ್ನು ಇಲ್ಲಿಗೇ ಮುಗಿಸಿಬಿಡಬೇಕು ಎಂದುಕೊಂಡು ಏಳುತ್ತಿದ್ದಳು.

"ನನ್ನಷ್ಟಕ್ಕ ನಾ ಹೇಳಿದ್ದಲ್ರಿ ಮತ್ತ," ಎಂದ ಉಳಿವೆಪ್ಪ. "ಅವ್ರ ಕೇಳಿದ್ರು."

ನಾಗರತ್ನಾ ಮತ್ತೆ ಕೂತಳು. "ಏನಂತ?"

"ಖಡಿ ಟಿಪ್ಪರ್ ಯಾವತ್ತ ಓಡೂದಿಲ್ಲ ಅಂತ ಕೇಳಿದ್ರು. ಅಮಾಸಿಗೆ ನಿಂತಿರ್ತಾವ್ರಿ ಅಂದೆ. ಹಂಗಾದ್ರ ಹುಡುಗ್ರಿಗೆ ಅವತ್ತ ಬಾ ಅಂತ ಹೇಳು, ಬ್ಯಾರೆ ದಿನ ನನಗ ಆಗೂದಿಲ್ಲ ಅನ್ನು ಅಂದ್ರು. ಟಿಪ್ಪರ್ ಭರ್ತಿ ಜೋರ್ ಬರ್ತಾವು, ರಸ್ತಿ ಮ್ಯಾಲ ಕೆಲಸಾ ಮಾಡೂ ಹುಡುಗ್ರಿಗೆ ಧೋಕಾ ಆದೀತು ಅಂದ್ರು. ಖರೇ ಮಾತ ಅನಸ್ತು, ಹಂಗ ಹೇಳ್ದೆ."

ಗಾಳಿ ಬೀಸಿ ತೆನೆಯ ರವದಿ ಹಾರಿತು. ಗೊತ್ತಿಲ್ಲದೆ ಆದ ತಪ್ಪಲ್ಲ ಇದು. ಟಿಪ್ಪರ್ ಓಡದ ದಿನವನ್ನು ಯಾರೋ ಹುಡುಕಿ ಆರಿಸಿದ್ದರು.

"ಯಾರು ಕೇಳಿದ್ದು, ಕಾಕಾ?"

"ಹೆಸರು ಗೊತ್ತಿಲ್ರಿ. ವಯಸ್ಸಾದಾವ್ರು, ಮರ್ಯಾದಸ್ಥರು. ಬಿಸಲಾಗ ಬಂದಿದ್ರು. ಮಾದೇವಿ ಮಜ್ಜಿಗಿ ತಂದ್ಲು, ಒಲ್ಲೆ ಅಂದ್ರು. ನೀರರ ಕುಡೀರಿ ಅಂದೆ, ಅದನ್ನೂ ಮುಟ್ಟಲಿಲ್ಲ. ಹಣಿ ಮ್ಯಾಲ ಒಂದ ಕರಿ ಗೆರಿ ಇತ್ತು, ಅಷ್ಟ. ಕೆಂಪ ಬೊಟ್ಟು ಇರಲಿಲ್ಲ."

ಮಧ್ಯಾಹ್ನದ ಬಿಸಿಲಲ್ಲಿ ಮೊಣಕಾಲೂರಿ ಕೂತಿದ್ದ ಮುದುಕರು, ಫಕ್ಕೀರೇಶನ ಕೈಯ ಬಾಟಲಿ, ಆ ಒಂದೇ ಕಪ್ಪು ಗೆರೆ ನಾಗರತ್ನಾಳ ಕಣ್ಣ ಮುಂದೆ ಬಂದವು.

ರಸ್ತೆಯ ಮೇಲೆ ಕಾರೊಂದು ನಿಂತಿತು. ಬಾಗಿಲು ತೆರೆದು ಮಧ್ವೇಶರು ಇಳಿದರು. ಸೊಸೆ ಫೋನಿನಲ್ಲಿ ಹೇಳಿದ ಸುದ್ದಿ ಕೇಳಿದೊಡನೆ ಹೊರಟು ಬಂದಿರಬೇಕು. ಕುಸಿದ ಜಾಗವನ್ನು ಸುತ್ತುಹಾಕದೆ, ನೇರ ಅದರ ಮೇಲೆಯೇ ನಡೆದು, ಕಾಲುವೆ ದಾಟಿ ಕಣದೊಳಗೆ ಬಂದರು.

ಉಳಿವೆಪ್ಪ ದಡಬಡಿಸಿ ಎದ್ದು ಕೈ ಮುಗಿದ. "ಬರ್ರಿ ಯಜಮಾನ್ರ. ಇವ್ರ ನೋಡ್ರಿ ಮೇಡಮ್ಮಾರ, ಅವತ್ತ ಬಂದಾವ್ರು." ಹೇಳುತ್ತಲೇ ಗುಡಿಸಲಿಗೆ ಹೋಗಿ ತಂಬಿಗೆಯಲ್ಲಿ ನೀರು ತಂದ. ಮನೆಯಲ್ಲಿ ನೀರು ಕೊಡುವ ಜೀವ ಹೋಗಿದ್ದರೂ ಬಂದವರಿಗೆ ನೀರು ಕೊಡುವುದನ್ನು ಅವನು ಬಿಟ್ಟಿರಲಿಲ್ಲ.

ಮಧ್ವೇಶರು ತಂಬಿಗೆಯನ್ನು ನೋಡಿದರು. ಎರಡೂ ಕೈಯಲ್ಲಿ ತೆಗೆದುಕೊಂಡರು. ಮುಖ ಮೇಲೆತ್ತಿ, ಕೊನೆಯ ಹನಿಯವರೆಗೂ ಕುಡಿದರು.

"ಇವತ್ತ ಏಕಾದಶಿ ಅಂದಿದ್ರಲ್ರಿ," ಎಂದಳು ನಾಗರತ್ನಾ.

"ಹೌದು." ಅವರು ಬಾಯಿ ಒರೆಸಿಕೊಳ್ಳಲಿಲ್ಲ. "ಇಂಥಾ ಮಾತು ಹೊಟ್ಟಿಯೊಳಗ ಇಟಗೊಂಡು ಉಪವಾಸ ಮಾಡಿ ಯಾವ ಪುಣ್ಯ ಬರಬೇಕಾಗ್ಯದ?"

"ಟಿಪ್ಪರ್ ಓಡದ ದಿನ ಯಾವುದಂತ ಇವರನ್ನ ಕೇಳಿದವ್ರು ನೀವೇನು?"

"ನಾನಽ ಕೇಳಿದೆ. ಹುಡುಗರಿಗೆ ಅಪಾಯ ಆಗಬಾರದು ಅಂತ ಹೇಳಿ ನನ್ನ ಕಳಿಸಿದ್ರು. ಆ ಮಾತು ನಂಬಿದೆ. ಇಷ್ಟು ವರ್ಷ ರಸ್ತಿ ಕಟ್ಟಿದಾಂವ, ಟಿಪ್ಪರ್ ಬಿಟ್ಟು ತೂಕ ಮಾಡಿದ್ರ ನಕ್ಷಿ ತೆಳು ಬರ್ತದಂತ ವಿಚಾರ ಮಾಡಲಿಲ್ಲ. ಇವತ್ತು ಆ ತುಂಡು ಕೈಯಾಗ ಹಿಡಿದಾಗ ಎಲ್ಲಾ ತಿಳೀತು."

"ಕಳಿಸಿದವ್ರು ಯಾರು?"

ಮಧ್ವೇಶರು ಕುಸಿದ ರಸ್ತೆಯತ್ತ ತಿರುಗಿದರು. "ಮೃಣಾಲಿನಿ."

"ಲಾರಿಗೂ ಅಮಾವಾಸ್ಯಿ ಇರ್ತದಂತ ನನಗ ಗೊತ್ತಿರಲಿಲ್ಲ." ಆ ಮಾತು ಹೇಳುವಾಗ ಮೇಜಿನಂಚನ್ನು ಹಿಡಿದಿದ್ದ ಮೃಣಾಲಿನಿಯ ಕೈ ನಾಗರತ್ನಾಳಿಗೆ ಚೆನ್ನಾಗಿ ನೆನಪಿತ್ತು. ಈ ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದಾರೆ. ಮಾವನೋ, ಸೊಸೆಯೋ?

"ಮೃಣಾಲಿನಿ ಅಂದ್ರ ಸವಣೂರ ಎಂಜಿನಿಯರ್ ಅಕ್ಕಾರೇನ್ರಿ?" ಎಂದ ಉಳಿವೆಪ್ಪ. ಖಾಲಿ ತಂಬಿಗೆ ಹಿಡಿದು ಇಬ್ಬರ ಮುಖವನ್ನೂ ನೋಡುತ್ತಿದ್ದ. "ಮಾದೇವಿ ಮಣ್ಣಿಗೆ ಬಂದಿದ್ರು ಅವ್ರು. ಎಲ್ಲಾರೂ ಹೋದ ಮ್ಯಾಲೂ ನಿಂತಿದ್ರು. ನನ್ನ ಕಾಲ ಹಿಡಕೊಂಡು ಅತ್ತರು."

"ಏನರ ಅಂದ್ರೇನು, ಕಾಕಾ?"

"ಒಂದ ಮಾತ ಅಂದ್ರು. 'ನನಗ ಗೊತ್ತಿತ್ತು' ಅಂದ್ರು. ಏನ ಗೊತ್ತಿತ್ತು ಅಂತ ನಾ ಕೇಳಲಿಲ್ರಿ."